ಗುಳೆ ಹೋಗುವವರ ಕೈಗೆ ತಪ್ಪದೆ ಗುಳಿಗೆ: ರೋಗಿಕೇಂದ್ರಿತ ಎಚ್‌ಐವಿ ಚಿಕಿತ್ಸೆಯ ಟಿಪ್ಪಣಿ

ಭಾರತದಲ್ಲಿ ಎಚ್‌ಐವಿ ಸೋಂಕಿತರಿಗೆ ಉಚಿತವಾಗಿ ಎ.ಆರ್.ಟಿ., ಅಂದರೆ ವೈರಸ್ ಹೆಚ್ಚದಂತೆ ತಡೆಯುವ ಔಷಧ ಕೊಡುವ ಕಾರ್ಯಕ್ರಮ ಆರಂಭವಾದದ್ದು 2004ರ ಏಪ್ರಿಲ್ 1ರಂದು. ಆರಂಭದ ವರ್ಷಗಳಲ್ಲಿ ಸಿಡಿ4 ಕಣಗಳ (ರೋಗನಿರೋಧಕ ಶಕ್ತಿಗೆ ಬೇಕಾದ ಬಿಳಿ ರಕ್ತಕಣಗಳ) ಸಂಖ್ಯೆ ತೀರ ಕುಸಿದವರಿಗೆ, ಅಂದರೆ ಬಹುಮಟ್ಟಿಗೆ ಹಾಸಿಗೆ ಹಿಡಿದವರಿಗೆ, ಔಷಧ ಸಿಗುತ್ತಿತ್ತು. ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಮಾಡಿತು. ಭಾರತ ಅದನ್ನು 2017ರಲ್ಲಿ ಒಪ್ಪಿಕೊಂಡಿತು. ಹೀಗಾಗಿ ಇಂದು ಎ.ಆರ್.ಟಿ. ಕೇಂದ್ರದ ಸರದಿಯಲ್ಲಿ ನಿಲ್ಲುವವರಲ್ಲಿ ಅನೇಕರು ಆರೋಗ್ಯವಾಗಿದ್ದು ದುಡಿಯುತ್ತಿರುವವರು. ಆದರೆ ತಿಂಗಳಿಗೊಮ್ಮೆ ಬಂದು, ಚೀಟಿ ಮಾಡಿಸಿ, ಆಪ್ತಸಮಾಲೋಚಕರನ್ನೂ ವೈದ್ಯರನ್ನೂ ಕಂಡು, 30 ಗುಳಿಗೆ ಒಯ್ಯುವ ಪದ್ಧತಿ ರೂಪುಗೊಂಡದ್ದು ಹಾಸಿಗೆ ಹಿಡಿದವರ ಕಾಲದಲ್ಲಿ. ರೋಗಿಕೇಂದ್ರಿತ ಸೇವೆಯ ವಿಸ್ತರಣೆ ಎಂದರೆ ಕೇವಲ ಹೊಸ ಕೇಂದ್ರ ತೆರೆಯುವುದಲ್ಲ, ಈ ಪದ್ಧತಿಯನ್ನು ರೋಗಿಯ ಈಗಿನ ಸ್ಥಿತಿಗೆ ಹೊಂದಿಸುವುದು. ಈ ವಿಷಯವನ್ನು ಪರೀಕ್ಷೆಗೆ ಓದುವ ವಿದ್ಯಾರ್ಥಿಗಳೂ ಇದನ್ನೇ ಮೊದಲು ಮನದಟ್ಟು ಮಾಡಿಕೊಳ್ಳಬೇಕು.

ಡಿ.ಎಸ್.ಡಿ. (ರೋಗಿಯ ಸ್ಥಿತಿಗೆ ತಕ್ಕಂತೆ ಬೇರೆ ಬೇರೆ ರೀತಿಯ ಸೇವೆ) ಎಂಬ ಹೆಸರಿನಲ್ಲಿ ಪಠ್ಯಗಳಲ್ಲಿ ಬರುವ ಈ ವಿಧಾನದಲ್ಲಿ ನಾಲ್ಕು ಪ್ರಶ್ನೆಗಳಿವೆ: ಸೇವೆ ಎಷ್ಟು ಕಾಲಕ್ಕೊಮ್ಮೆ, ಎಲ್ಲಿ, ಯಾರಿಂದ, ಯಾವುದು. ಚಿಕಿತ್ಸೆ ಆರಂಭಿಸಿ ಕನಿಷ್ಠ 6 ತಿಂಗಳಾಗಿದ್ದು, ಸದ್ಯ ಬೇರೆ ಕಾಯಿಲೆಯಿಲ್ಲದೆ, ಔಷಧ ಜೀವನಪೂರ್ತಿ ಬೇಕೆಂಬುದನ್ನು ಅರಿತು, ಕಳೆದ 6 ತಿಂಗಳಲ್ಲಿ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ನಿಯಂತ್ರಣದಲ್ಲಿರುವುದು ಕಂಡುಬಂದವರನ್ನು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಚಿಕಿತ್ಸೆಯಲ್ಲಿ ನೆಲೆಗೊಂಡವರೆಂದು ಪರಿಗಣಿಸುತ್ತದೆ. ಇಂಥವರು 3ರಿಂದ 6 ತಿಂಗಳಿಗೊಮ್ಮೆ ಬಂದರೆ ಸಾಕು, ಮೇಲಾಗಿ 6 ತಿಂಗಳಿಗೊಮ್ಮೆ. ಹೀಗೆ ಉಳಿತಾಯವಾಗುವ ವೈದ್ಯರ ಸಮಯ ಹೊಸದಾಗಿ ಬಂದವರಿಗೂ ನಿಜವಾಗಿ ಬಳಲುತ್ತಿರುವವರಿಗೂ ಸಲ್ಲುತ್ತದೆ.

ಆಫ್ರಿಕಾದ ದೇಶಗಳು ಈ ದಾರಿಯಲ್ಲಿ ಮುಂದಿವೆ. ದಕ್ಷಿಣ ಆಫ್ರಿಕಾದ ಖಯೆಲಿಟ್ಷಾದಲ್ಲಿ 2007ರಿಂದ ಒಟ್ಟಾಗಿ ಸೇರಿ ಔಷಧ ಪಡೆಯುವ ರೋಗಿಗಳ ಕ್ಲಬ್‌ಗಳು ನಡೆದವು. ಮೊಜಾಂಬಿಕ್‌ನ ಟೆಟೆ ಪ್ರಾಂತ್ಯದಲ್ಲಿ 2008ರಿಂದ ಆರು ಮಂದಿಯವರೆಗಿನ ಗುಂಪುಗಳು ರೂಪುಗೊಂಡು, ಸರದಿಯಂತೆ ಒಬ್ಬರು ಆಸ್ಪತ್ರೆಗೆ ಹೋಗಿ ಎಲ್ಲರ ಔಷಧ ತಂದರು. ಈ ಮಾದರಿಯನ್ನು ನಮ್ಮಲ್ಲಿಯೂ ಹಾಗೆಯೇ ತರಬೇಕೆಂದು ಪರೀಕ್ಷೆಯಲ್ಲಿ ಉತ್ತರ ಬರೆಯುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಔರಾದ ಅಥವಾ ಸುರಪುರ ತಾಲ್ಲೂಕಿನ ಸಣ್ಣ ಹಳ್ಳಿಯಲ್ಲಿ ತನ್ನ ಸೋಂಕಿನ ವಿಷಯ ಓಣಿಯ ಇನ್ನೊಬ್ಬರಿಗೆ ಗೊತ್ತಾದರೆ ಮಗಳ ಮದುವೆಗೆ ತೊಡಕಾಗುತ್ತದೆ ಎಂದು ಹೆದರುವ ತಾಯಿಗೆ ಗುಂಪು ಆಸರೆಯಾಗುವುದಿಲ್ಲ. ಅಂಥವರು ತಮ್ಮ ತಾಲ್ಲೂಕಿನ ಲಿಂಕ್ ಎ.ಆರ್.ಟಿ. ಕೇಂದ್ರವನ್ನೂ (ಮುಖ್ಯ ಕೇಂದ್ರಕ್ಕೆ ಜೋಡಿಸಿದ, ಹತ್ತಿರದಲ್ಲೇ ಔಷಧ ಕೊಡುವ ಉಪಕೇಂದ್ರ) ಬಿಟ್ಟು ದೂರದ ಊರಿನ ಕೇಂದ್ರವನ್ನು ಆರಿಸಿಕೊಳ್ಳಬಹುದು. ಹತ್ತಿರದ ಸೇವೆಯೇ ಎಲ್ಲರಿಗೂ ಅನುಕೂಲವೆಂದು ನಾವು ಭಾವಿಸಬಾರದು, ಆಯ್ಕೆ ರೋಗಿಯದು.

ಕಲಬುರಗಿ, ಬೀದರ್, ಯಾದಗಿರಿಗಳ ಮಟ್ಟಿಗೆ ಹೆಚ್ಚು ಯೋಚಿಸಬೇಕಾದದ್ದು ಗುಳೆಯ ಬಗ್ಗೆ. ತೊಗರಿ ರಾಶಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬ ಪ್ರತಿ ತಿಂಗಳೂ ಗುಳಿಗೆಗಾಗಿ ಊರಿಗೆ ಬರಲಾರದು. ಬಂದರೆ ಹಲವು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ, ಜೊತೆಗೆ ಕೂಲಿಯವರ ಮೇಲ್ವಿಚಾರಕನಾದ ಮುಕಾದಮನಿಗೆ ಪ್ರತಿ ಸಲವೂ ಒಂದು ಕಾರಣ ಹೇಳಬೇಕು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಹಲವು ತಿಂಗಳ ಔಷಧವನ್ನು ಒಮ್ಮೆಲೇ ಕೊಡುವ ಕ್ರಮ ದೇಶದಲ್ಲಿ ವ್ಯಾಪಕವಾಯಿತು. ಇವರಿಗಾದರೋ ಅದು ಪ್ರತಿ ವರ್ಷದ ಅಗತ್ಯ. ಹೋದ ಊರಿನ ಕೇಂದ್ರಕ್ಕೆ ದಾಖಲೆ ವರ್ಗಾಯಿಸಿಕೊಳ್ಳುವ ದಾರಿಯೂ ಇದೆ. ಆದರೆ ಕೆಲಸದ ಜಾಗವೇ ಪದೇ ಪದೇ ಬದಲಾಗುವವರಿಗೆ ಚೀಲದಲ್ಲಿರುವ ಗುಳಿಗೆಯೇ ಹೆಚ್ಚು ಭದ್ರ.

ಆ ಚೀಲವನ್ನೂ ಗಮನಿಸಬೇಕು. ಟೆನೊಫೊವಿರ್ 300 ಮಿ.ಗ್ರಾಂ., ಲ್ಯಾಮಿವುಡಿನ್ 300 ಮಿ.ಗ್ರಾಂ. ಹಾಗೂ ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಸೇರಿದ ಟಿ.ಎಲ್.ಡಿ. ಗುಳಿಗೆಯನ್ನು ದಿನಕ್ಕೊಂದರಂತೆ ನುಂಗಬೇಕು. ಪ್ಲಾಸ್ಟಿಕ್ ಡಬ್ಬಿ ಅಲುಗಾಡಿದರೆ ಒಳಗಿನ ಗುಳಿಗೆಗಳು ಸದ್ದು ಮಾಡುತ್ತವೆ, ಮೇಲಿನ ಚೀಟಿಯಲ್ಲಿ ಔಷಧದ ಹೆಸರಿರುತ್ತದೆ. ಹತ್ತಾರು ಜನ ಮಲಗುವ ಶೆಡ್ಡಿನಲ್ಲಿ ಇದನ್ನು ಮರೆಮಾಚಲು ಕೆಲವರು ಗುಳಿಗೆಗಳನ್ನು ಪೇಪರಿನಲ್ಲಿ ಕಟ್ಟಿಕೊಳ್ಳುತ್ತಾರೆ. ಆಗ ತೇವ ಹೀರುವ ಪುಟ್ಟ ಪೊಟ್ಟಣ ಡಬ್ಬಿಯಲ್ಲೇ ಉಳಿದು ಗುಳಿಗೆಗೆ ತೇವ ತಗಲುತ್ತದೆ. 30 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಇಡಬೇಕಾದ ಔಷಧವನ್ನು 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ತಗಡಿನ ಕೆಳಗೆ ಇಡಬೇಕಾದ ಕಷ್ಟವೂ ಇದೆ. ಮೂರು ತಿಂಗಳ ಔಷಧ ಕೊಡುವ ದಿನ ಡಬ್ಬಿಯ ಚೀಟಿ ತೆಗೆಯುವುದು, ಸದ್ದಾಗದಂತೆ ಅರಿವೆ ಸುತ್ತುವುದು, ನೆರಳಿನ ಜಾಗ ಹುಡುಕುವುದು ಇವನ್ನೆಲ್ಲ ಮಾತನಾಡದಿದ್ದರೆ ಆಪ್ತಸಮಾಲೋಚನೆ ಅಪೂರ್ಣ.

ಇನ್ನು ದಾಸ್ತಾನು. ಒಂದು ಕೇಂದ್ರದಲ್ಲಿ 300 ಮಂದಿ ಇದ್ದು, ತಿಂಗಳಿಗೆ 300 ಡಬ್ಬಿ ಖರ್ಚಾಗುತ್ತದೆ ಎಂದುಕೊಳ್ಳೋಣ. ಅವರಲ್ಲಿ 240 ಮಂದಿಗೆ ಒಂದೇ ತಿಂಗಳಲ್ಲಿ ಮೂರು ತಿಂಗಳ ಔಷಧ ಕೊಟ್ಟರೆ 720 ಡಬ್ಬಿ, ಉಳಿದ 60 ಮಂದಿಗೆ 60, ಒಟ್ಟು 780 ಬೇಕು. ಹಿಂದಿನ ತಿಂಗಳ ಖರ್ಚು ನೋಡಿ ಬೇಡಿಕೆ ಕಳಿಸುವ ಕೇಂದ್ರದಲ್ಲಿ ಅಷ್ಟು ಔಷಧ ಇರುವುದಿಲ್ಲ. ಅದರ ಬದಲು 80 ಮಂದಿಯ ಮೂರು ತಂಡ ಮಾಡಿ ತಿಂಗಳಿಗೊಂದು ತಂಡವನ್ನು ಹೊಸ ಕ್ರಮಕ್ಕೆ ತಂದರೆ ಮೊದಲ ತಿಂಗಳು 460, ಎರಡನೆಯ ತಿಂಗಳು 380, ಮೂರನೆಯ ತಿಂಗಳಿನಿಂದ ಮತ್ತೆ 300 ಡಬ್ಬಿ ಸಾಕು. ಭೇಟಿಗಳಾದರೋ ತಿಂಗಳಿಗೆ 300ರಿಂದ 140ಕ್ಕೆ ಇಳಿಯುತ್ತವೆ. ಒಂದು ದೇಶದ ವ್ಯವಸ್ಥೆಯಲ್ಲಿ ಇದೇ ಲೆಕ್ಕ ಲಕ್ಷಗಳಲ್ಲಿ ನಡೆಯುವುದರಿಂದ ಖರೀದಿಯ ಯೋಜನೆ ಮೊದಲೇ ಸಿದ್ಧವಾಗಿರಬೇಕು.

ವೈರಲ್ ಲೋಡ್ ವರದಿಯೂ ಅಷ್ಟೇ ಮುಖ್ಯ. ಒಂದು ಮಿ.ಲೀ. ರಕ್ತದಲ್ಲಿ ವೈರಸ್ ಪ್ರತಿಗಳು 1000ದೊಳಗೆ ಇದ್ದರೆ ನಿಯಂತ್ರಣದಲ್ಲಿದೆ ಎನ್ನುತ್ತಾರೆ. ಪರೀಕ್ಷೆಯಲ್ಲಿ ಪತ್ತೆಯಾಗದಷ್ಟು ಇಳಿದು ಔಷಧ ಮುಂದುವರಿದರೆ ಲೈಂಗಿಕ ಸಂಗಾತಿಗೆ ಸೋಂಕು ತಗಲುವುದಿಲ್ಲ. ವರದಿ ತಡವಾದರೆ ರೋಗಿ ನೆಲೆಗೊಂಡಿದ್ದಾರೆಂದು ಹೇಳುವುದು ಕಷ್ಟವಾಗಿ ಅವರು ತಿಂಗಳ ಸರದಿಯಲ್ಲೇ ಉಳಿದುಬಿಡುತ್ತಾರೆ.

ಗೋಪ್ಯತೆಗೆ ಕಾನೂನಿನ ಬೆಂಬಲವಿದೆ: 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದು, ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ ತಾರತಮ್ಯವನ್ನೂ ನಿಷೇಧಿಸುತ್ತದೆ. ಮಾಹಿತಿಗೆ 1097 ಉಚಿತ ಸಹಾಯವಾಣಿ ಇದೆ.

ಕೊನೆಯದಾಗಿ, ಔಷಧ ಬಿಟ್ಟು ಹೋಗಿ ಮರಳಿ ಬಂದವರು. ಅವರನ್ನು ಗದರಿಸಿದರೆ ಮುಂದಿನ ಸಲ ಅವರು ಬರುವುದೇ ಇಲ್ಲ. ಎಷ್ಟು ದಿನ ಔಷಧ ತಪ್ಪಿತು, ಏಕೆ ತಪ್ಪಿತು ಎಂದು ಸಮಾಧಾನದಿಂದ ಕೇಳಿ, ಸಿಡಿ4 ಪರೀಕ್ಷೆ ಮಾಡಿಸಬೇಕು. ಅದು 200ಕ್ಕಿಂತ ಕಡಿಮೆಯಿದ್ದರೆ ಕ್ಷಯ ಮತ್ತು ಕ್ರಿಪ್ಟೊಕಾಕಸ್ (ಒಂದು ಬಗೆಯ ಶಿಲೀಂಧ್ರ) ಸೋಂಕುಗಳ ತಪಾಸಣೆ ಆಗಲೇಬೇಕು. ಅಂಥವರು ಕೆಲವು ತಿಂಗಳು ವೈದ್ಯರ ಹತ್ತಿರದ ನಿಗಾದಲ್ಲಿರಬೇಕು. ಕಾಯಿಲೆಯ ಲಕ್ಷಣಗಳಿಲ್ಲದೆ ಆರೋಗ್ಯವಾಗಿರುವವರಿಗೆ ಔಷಧವನ್ನು ಸಾಧ್ಯವಾದರೆ ಅದೇ ದಿನ ಮತ್ತೆ ಆರಂಭಿಸಿ, ಮುಂದಿನ ಗುಳೆ ಯಾವ ತಿಂಗಳು, ಯಾವ ಊರಿಗೆ ಎಂಬುದನ್ನು ಕಡತದಲ್ಲಿ ಬರೆದುಕೊಳ್ಳಬೇಕು.