ತಾರಸ್ಥಾಯಿಯಲ್ಲೂ ಉಳಿದ ಮಾತು

ನನ್ನ ಬಳಿ ಪಾಶ್ಚಾತ್ಯ ಗಾಯನ ಕಲಿಯಲು ಬರುವವರಲ್ಲಿ ಅನೇಕರು ಜರ್ಮನ್ ಒಪೆರಾ ಗಾಯಕಿ ಎಡ್ಡಾ ಮೋಸರ್ ಅವರ ಧ್ವನಿಯನ್ನು ಹೆಸರು ತಿಳಿಯದೆಯೇ ಕೇಳಿರುತ್ತಾರೆ. 1977ರಲ್ಲಿ ವಾಯೇಜರ್ ನೌಕೆಗಳು ಅಂತರಿಕ್ಷಕ್ಕೆ ಹೊತ್ತೊಯ್ದ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ, ನಮ್ಮ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿಯ ಜೊತೆಗೆ, ಮೊಸಾರ್ಟನ ‘ಮಾಯಾ ಕೊಳಲು’ ಒಪೆರಾದ ‘ರಾತ್ರಿಯ ರಾಣಿ’ ಎಂಬ ಪಾತ್ರದ ಹಾಡನ್ನು ಹಾಡಿರುವವರು ಇವರೇ. ಮ್ಯೂನಿಕ್‌ನಲ್ಲಿ ವುಲ್ಫ್‌ಗಾಂಗ್ ಸವಾಲಿಷ್ ಅವರ ನಿರ್ದೇಶನದಲ್ಲಿ ಆದ ಮುದ್ರಣವದು.

ಆ ಹಾಡನ್ನು ಎಲ್ಲರೂ ಅದರ ಎತ್ತರಕ್ಕಾಗಿ ಹೊಗಳುತ್ತಾರೆ. ನನಗೆ ಅದರಲ್ಲಿ ಮುಖ್ಯವೆನಿಸುವುದು ಉಚ್ಚಾರ. ಅದರ ತುತ್ತತುದಿಯ ಸ್ವರದಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 1,400 ಬಾರಿ ಕಂಪಿಸುತ್ತವೆ. ‘ಈ’, ‘ಆ’, ‘ಊ’ಗಳನ್ನು ಕಿವಿ ಬೇರ್ಪಡಿಸುವುದು ಬಾಯಿ ಮತ್ತು ಗಂಟಲಿನ ಅನುರಣನದ ನೆರವಿನಿಂದ, ಹಾಡುವ ಸ್ವರವೇ ಆ ಅನುರಣನದ ಮೊದಲ ಮಟ್ಟವನ್ನು ದಾಟಿ ಮೇಲೇರಿದಾಗ ಸ್ವರಾಕ್ಷರಗಳೆಲ್ಲ ಒಂದೇ ತೆರನಾಗಿ ಕೇಳತೊಡಗುತ್ತವೆ. ಇದು ಗಾಯಕಿಯ ದೋಷವಲ್ಲ, ಧ್ವನಿವಿಜ್ಞಾನದ ನಿಯಮ. ಹಾಗಿರುವಾಗ ಅರ್ಥವನ್ನು ಕಾಪಾಡುವ ಹೊಣೆ ಆ ಶಿಖರಗಳ ಹಿಂದೆ ಮುಂದೆ ಬರುವ ವ್ಯಂಜನಗಳ ಮೇಲೆ ಬೀಳುತ್ತದೆ. ಮಗಳ ಕೈಗೆ ಕಠಾರಿ ಕೊಟ್ಟು, ನನ್ನ ವೈರಿಯನ್ನು ಕೊಲ್ಲದಿದ್ದರೆ ನೀನು ಇನ್ನೆಂದಿಗೂ ನನ್ನ ಮಗಳಲ್ಲ ಎನ್ನುವ ತಾಯಿ ಈ ರಾಣಿ. ಮೋಸರ್ ಆ ‘ಇನ್ನೆಂದಿಗೂ’ ಎಂಬರ್ಥದ ಮಾತನ್ನು ಮೊದಲು ಹಲ್ಲು ಕಚ್ಚಿ ನುಡಿದಂತೆ ನೆಲೆಗೊಳಿಸುತ್ತಾರೆ. ಆಮೇಲೆ ಬರುವ ಬಿಡಿಬಿಡಿ ಸ್ವರಗಳು ಅಲಂಕಾರವಾಗಿ ಉಳಿಯದೆ ಅದೇ ಕೋಪದ ಮುಂದುವರಿಕೆಯಾಗಿ ಕೇಳಿಸುತ್ತವೆ. ಈ ಪಾತ್ರವನ್ನು ಗಡಿಯಾರದ ಗಂಟೆಯಂತೆ ಅಚ್ಚುಕಟ್ಟಾಗಿ ಹಾಡಿದವರು ಬಹಳ ಮಂದಿಯಿದ್ದಾರೆ, ಆದರೆ ನನಗೆ ಅವರಲ್ಲಿ ಅನೇಕರಿಂದ ಭಯವಾಗುವುದಿಲ್ಲ.

ಸಂಗೀತಶಾಸ್ತ್ರಜ್ಞ ಹಾನ್ಸ್ ಯೋವಾಕಿಮ್ ಮೋಸರ್ ಅವರ ಮಗಳಾಗಿ 1938ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಎಡ್ಡಾ, 1962ರಲ್ಲಿ ಅದೇ ಊರಿನ ರಂಗದ ಮೇಲೆ ‘ಮದಾಮಾ ಬಟರ್‌ಫ್ಲೈ’ಯ ಕೇಟ್ ಪಿಂಕರ್ಟನ್ ಎಂಬ ತೀರ ಚಿಕ್ಕ ಪಾತ್ರದಿಂದ ವೃತ್ತಿ ಆರಂಭಿಸಿದರು. 1968ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಕಾರಾಯಾನ್ ಅವರ ನಿರ್ದೇಶನದಲ್ಲಿ ವಾಗ್ನರನ ಒಪೆರಾದಲ್ಲಿ ಬರುವ ರೈನ್ ನದಿಯ ಕನ್ಯೆಯರಲ್ಲೊಬ್ಬರಾದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಜರ್ಮನ್ ಸಂಗೀತ ಸಂಯೋಜಕ ಹೆಂಟ್ಸೆಯ ಹೊಸ ಕೃತಿಯೊಂದರಲ್ಲಿ ಸಾವಿನ ಪಾತ್ರ ಹಾಡಲು ಸಿದ್ಧರಾಗಿದ್ದರು. ವೇದಿಕೆಯ ಮೇಲಿನ ಕೆಂಪು ಬಾವುಟದ ಗಲಾಟೆ ಪೊಲೀಸರವರೆಗೂ ಹೋಗಿ ಪ್ರಥಮ ಪ್ರದರ್ಶನವೇ ನಿಂತುಹೋಯಿತು. ಧ್ವನಿಮುದ್ರಿಕೆಯಾಗಿ ಹೊರಬಂದದ್ದು ಪೂರ್ವಾಭ್ಯಾಸದ ಹಾಡಿಕೆ. ವೇಗದ ಸ್ವರಪುಂಜಗಳನ್ನು ಸಲೀಸಾಗಿ ಹಾಡುವ ಚುರುಕುತನ ಮತ್ತು ವಾದ್ಯವೃಂದವನ್ನು ದಾಟಿ ಕೇಳಿಸುವ ಭಾರ, ಇವೆರಡೂ ಒಂದೇ ಕಂಠದಲ್ಲಿ ಸಿಗುವುದು ಅಪರೂಪ. ಆ ಬಗೆಯ ಶಾರೀರವಿದ್ದುದರಿಂದಲೇ 1979ರಲ್ಲಿ ತೆರೆಕಂಡ ಜೋಸೆಫ್ ಲೋಸಿಯ ‘ಡಾನ್ ಜಿಯೊವಾನಿ’ ಒಪೆರಾ ಚಿತ್ರದ ಡೊನ್ನಾ ಆನಾ ಪಾತ್ರ ಮೋಸರ್ ಅವರಿಗೆ ಒಗ್ಗಿತು.

ಮುಂದೆ ಅವರು ಕಲೋನ್‌ನ ಸಂಗೀತ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 2006ರಲ್ಲಿ ಅವರು ಹುಟ್ಟುಹಾಕಿದ್ದು ಗಾಯನೋತ್ಸವವನ್ನಲ್ಲ, ಜರ್ಮನ್ ಭಾಷೆಯ ಉತ್ಸವವನ್ನು. ಇದು ಅನೇಕರಿಗೆ ವಿಚಿತ್ರವೆನಿಸಬಹುದು. ರಾತ್ರಿಯ ರಾಣಿಯ ಆ ಮುದ್ರಣವನ್ನು ಗಮನವಿಟ್ಟು ಕೇಳಿದ ನನಗೆ ಆಶ್ಚರ್ಯವಾಗಲಿಲ್ಲ. ಈ ಹಾಡನ್ನು ಕಲಿಯಲು ಬಂದವರಿಗೆ ಮೊದಲ ಎರಡು ವಾರ ನಾನು ಸ್ವರ ಹಿಡಿಯಲು ಬಿಡುವುದಿಲ್ಲ. ಸಾಹಿತ್ಯವನ್ನು ಲಯಕ್ಕೆ ಸರಿಯಾಗಿ, ಪಿಸುದನಿಯಲ್ಲಿ, ಎದುರಿಗೆ ಕುಳಿತ ಮಗಳಿಗೆ ಹೇಳಿದಂತೆ ಓದಿಸುತ್ತೇನೆ.