ಫ್ಲಾಟ್‌ವೌಂಡ್ ತಂತಿ ಬ್ರಿಡ್ಜ್‌ನಲ್ಲಿ ಭದ್ರವಾಗಿ ಕೂರಬೇಕಾದರೆ

ಬೇಸ್ ಗಿಟಾರ್‌ಗೆ ಮೊದಲ ಸಲ ಫ್ಲಾಟ್‌ವೌಂಡ್ ಹಾಕಿದವರಿಂದ ಒಂದೇ ದೂರು ಪದೇ ಪದೇ ಕೇಳುತ್ತೇವೆ. 'ಎಲ್ಲಕ್ಕಿಂತ ದಪ್ಪದ ಇ (E) ತಂತಿಯ ದನಿ ಮಂಕಾಗಿದೆ, ಶ್ರುತಿ ನಿಲ್ಲುತ್ತಿಲ್ಲ.' ನನಗೂ ಹಾಗೇ ಆಗಿತ್ತು. ತಂತಿಯೇ ಸರಿಯಿಲ್ಲ ಅಂದುಕೊಂಡು ಇನ್ನೇನು ಬಿಚ್ಚಬೇಕು ಅನ್ನುವಾಗ ತಂತಿಗಳ ಬುಡ ಹಿಡಿದಿಡುವ ಬ್ರಿಡ್ಜ್ ಹತ್ತಿರ ಟಾರ್ಚ್ ಹಿಡಿದು ನೋಡಿದೆ. ತಂತಿಯ ಬುಡಕ್ಕೆ ಸುತ್ತಿದ್ದ ಕೆಂಪು ದಾರ ಸ್ಯಾಡಲ್ ಮೇಲೆ, ಅಂದರೆ ಬ್ರಿಡ್ಜ್‌ನಲ್ಲಿ ತಂತಿ ಒರಗುವ ಪುಟ್ಟ ತುಂಡಿನ ಮೇಲೆ, ಹತ್ತಿ ಕೂತಿತ್ತು. ಹಿಂದೆ ತಂತಿಯ ತುದಿಯ ಲೋಹದ ಗುಂಡು ತನ್ನ ತೂತಿನಲ್ಲಿ ಓರೆಯಾಗಿ ಸಿಕ್ಕಿಕೊಂಡಿತ್ತು. ತಂತಿಯಲ್ಲಿ ಯಾವ ದೋಷವೂ ಇರಲಿಲ್ಲ. ಗುಂಡಿನಿಂದ ಸ್ಯಾಡಲ್‌ವರೆಗಿನ ಆ ಎರಡು ಮೂರು ಬೆರಳಿನ ಜಾಗದ ಬಗ್ಗೆಯೇ ಈ ಟಿಪ್ಪಣಿ.

ಮೊದಲು ತಂತಿಯನ್ನೇ ನೋಡೋಣ. ಒಳಗೆ ಒಂದು ಗಟ್ಟಿ ಉಕ್ಕಿನ ತಂತಿ, ಅದರ ಮೇಲೆ ಸುತ್ತು. ರೌಂಡ್‌ವೌಂಡ್‌ನಲ್ಲಿ ಹೊರಗಿನ ಸುತ್ತು ಉರುಟು ತಂತಿಯದು, ಅದಕ್ಕೇ ಬೆರಳಿಗೆ ಏಣು ಏಣಾಗಿ ಸಿಗುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಹೊರಗಿನ ಸುತ್ತು ಚಪ್ಪಟೆ ಪಟ್ಟಿ. ಒಂದರ ಪಕ್ಕ ಒಂದು ಒತ್ತೊತ್ತಾಗಿ ಕೂತಿರುತ್ತದೆ. ಹಾಗಾಗಿ ತಂತಿ ನಯ, ಆದರೆ ಬಗ್ಗುವುದು ಕಷ್ಟ. ಚೂಪಾಗಿ ಮಡಚಿದರೆ ಪಟ್ಟಿಯ ಅಂಚುಗಳು ಬಾಯಿ ಬಿಡುತ್ತವೆ. ಒಮ್ಮೆ ಬಿಟ್ಟರೆ ಮತ್ತೆ ಕೂರುವುದಿಲ್ಲ. ಮುಂದೆ ಹೇಳುವ ಎಚ್ಚರಿಕೆಯೆಲ್ಲ ಹುಟ್ಟುವುದು ಈ ಒಂದು ಗುಣದಿಂದ.

ತಂತಿಯ ಒಂದು ತುದಿಯಲ್ಲಿ ಬಾಲ್ ಎಂಡ್, ಅಂದರೆ ಪುಟ್ಟ ಲೋಹದ ಗುಂಡು. ಹೆಸರಿಗೆ ಗುಂಡು, ಆಕಾರದಲ್ಲಿ ಪುಟ್ಟ ಪೀಪಾಯಿ. ಒಳತಂತಿ ಅದನ್ನು ಬಳಸಿ ಬಂದು ತನಗೆ ತಾನೇ ತಿರುಚಿಕೊಂಡಿರುತ್ತದೆ. ಆ ಜಾಗ ಉಳಿದ ತಂತಿಗಿಂತ ದಪ್ಪ. ಬಹಳಷ್ಟು ಫ್ಲಾಟ್‌ವೌಂಡ್‌ಗಳಲ್ಲಿ ಅದರ ಮೇಲೆ ಬಣ್ಣದ ದಾರ ಸುತ್ತಿರುತ್ತಾರೆ. ಬಿರಡೆ ಕಡೆಯ ತುದಿಯಲ್ಲೂ ದಾರ ಇರುತ್ತದೆ.

ಈಗ ನಿಯಮ. ಗುಂಡಿನ ಕಡೆಯ ದಾರ ಸ್ಯಾಡಲ್‌ನ ಹಿಂದೆಯೇ ಮುಗಿಯಬೇಕು. ಸ್ಯಾಡಲ್‌ಗೆ ತಾಗುವುದು ಬರೀ ಲೋಹದ ಪಟ್ಟಿಯೇ ಆಗಿರಬೇಕು. ಏಕೆ? ತಂತಿಯ ಕಂಪನ ಒಂದು ಕಡೆ ನಟ್‌ನಲ್ಲಿ (ಬಿರಡೆಗಳ ಪಕ್ಕ ತಂತಿ ಕೂರುವ ಗಾಡಿಪಟ್ಟಿ), ಇನ್ನೊಂದು ಕಡೆ ಸ್ಯಾಡಲ್‌ನ ಅಂಚಿನಲ್ಲಿ ಖಚಿತವಾಗಿ ನಿಲ್ಲಬೇಕು. ಅಲ್ಲಿ ಮೆತ್ತನೆ ದಾರ ಇದ್ದರೆ ಕಂಪನವನ್ನು ಅದು ನುಂಗಿಹಾಕುತ್ತದೆ. ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಆ ದಪ್ಪ ತಂತಿಯ ಮೇಲಿನ ಉಪಸ್ವರಗಳು ಮೊದಲೇ ಕಡಿಮೆ, ಇದ್ದಬದ್ದದ್ದೂ ಹೋದರೆ ಉಳಿಯುವುದು ಬರೀ ಗುಮ್ಮೆನ್ನುವ ಸದ್ದು. ಇದರ ಜೊತೆಗೆ ದಾರ ದಿನಕಳೆದಂತೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ, ಶ್ರುತಿ ಸ್ವಲ್ಪ ಸ್ವಲ್ಪವೇ ಜಾರುತ್ತದೆ.

ಅದಕ್ಕೇ ತಂತಿ ಕೊಳ್ಳುವ ಮೊದಲೇ ಅಳತೆ ತೆಗೆಯಿರಿ. 34 ಅಂಗುಲದ ಸ್ಕೇಲ್, ಅಂದರೆ ಸುಮಾರು 864 ಮಿಲಿಮೀಟರ್, ನಟ್‌ನಿಂದ ಸ್ಯಾಡಲ್‌ಗಿರುವ ದೂರದ ಲೆಕ್ಕ. ನಮಗೆ ಬೇಕಾದದ್ದು ಅದಲ್ಲ. ಗುಂಡು ಕೂರುವ ಜಾಗದಿಂದ ನಟ್‌ವರೆಗೆ ಎಷ್ಟು, ಅಲ್ಲಿಂದ ಬಿರಡೆಯ ಕಂಬದವರೆಗೆ ಎಷ್ಟು, ಇವೆರಡನ್ನೂ ಟೇಪ್ ಹಿಡಿದು ನೋಡಿ. ತಂತಿಯ ಲೋಹದ ಸುತ್ತು ನಟ್ ದಾಟಬೇಕು, ಕಂಬಕ್ಕೆ ತಲುಪುವ ಮೊದಲೇ ಮುಗಿಯಬೇಕು. ಕಂಬಕ್ಕೆ ಸುತ್ತಿಕೊಳ್ಳುವುದು ದಾರದ ಭಾಗ ಆಗಿದ್ದರೆ ಒಳ್ಳೆಯದು. ದಪ್ಪ ಪಟ್ಟಿಯನ್ನು ಕಂಬಕ್ಕೆ ಸುತ್ತಲು ಹೋದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಒಳತಂತಿ ತುಂಡಾಗುವುದೂ ಉಂಟು.

ಬ್ರಿಡ್ಜ್ ಯಾವ ಬಗೆಯದು?

ಎಲ್ಲಕ್ಕಿಂತ ಸರಳವಾದದ್ದು ಬಾಗಿಸಿದ ತಗಡಿನ ಬ್ರಿಡ್ಜ್. ಹಿಂದಿನ ಮಡಿಕೆಯಲ್ಲಿ ತೂತು, ತಂತಿಯನ್ನು ಅಲ್ಲಿಂದ ತೂರಿಸುತ್ತೇವೆ, ಗುಂಡು ತಗಡಿನ ಬೆನ್ನಿಗೆ ತಗುಲಿ ನಿಲ್ಲುತ್ತದೆ. ತಂತಿ ಎಳೆಯುವಾಗ ಪಟ್ಟಿಯನ್ನು ತೂತಿನ ಅಂಚಿಗೆ ಉಜ್ಜಬೇಡಿ. ಇನ್ನೊಂದು ಬಗೆಯಲ್ಲಿ ಮೇಲಿನಿಂದ ಇಳಿಸುವ ಸೀಳು ಇರುತ್ತದೆ. ತಂತಿ ಬದಲಿಸಲು ತುಂಬಾ ಸುಲಭ, ಆದರೆ ತಂತಿ ಸಡಿಲ ಇರುವಾಗ ಗುಂಡು ಸುಮ್ನೆ ಹೊರಗೆ ಬಂದುಬಿಡುತ್ತದೆ. ಬಿಗಿಯಾಗುವ ತನಕ ಅದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದುಕೊಳ್ಳಬೇಕು.

ಮೂರನೆಯದು ಗಿಟಾರ್‌ನ ಮೈಯ ಬೆನ್ನಿನಿಂದ ತೂರಿ ಬರುವ ಬಗೆ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ನಲ್ಲಿ ಹೀಗೇ ಇತ್ತು. 1957ರಲ್ಲಿ ಅದು ಬದಲಾಗಿ ತಂತಿ ಬ್ರಿಡ್ಜ್‌ನ ಹಿಂದಿನಿಂದ ಬರತೊಡಗಿತು. ಬೆನ್ನಿನಿಂದ ತೂರಿದಾಗ ತಂತಿ ಸ್ಯಾಡಲ್ ಹತ್ತಿರ ಚೂಪಾಗಿ ಬಾಗುತ್ತದೆ. ಬಿರುಸಾದ ಫ್ಲಾಟ್‌ವೌಂಡ್‌ಗೆ ಅದು ಕಷ್ಟದ ತಿರುವು. ಕೆಲವು ತಯಾರಕರು ತಮ್ಮ ಫ್ಲಾಟ್‌ವೌಂಡ್ ಹೀಗೆ ಹಾಕಬೇಡಿ ಅಂತಲೇ ಹೇಳುತ್ತಾರೆ, ಪೊಟ್ಟಣದ ಮೇಲೆ ಓದಿಕೊಳ್ಳಿ. ಉದ್ದವೂ ಜಾಸ್ತಿ ಬೇಕಾಗುತ್ತದೆ. ನಿಮ್ಮ ಬ್ರಿಡ್ಜ್‌ನಲ್ಲಿ ಎರಡೂ ದಾರಿ ಇದ್ದರೆ ಹಿಂದಿನ ತೂತನ್ನೇ ಬಳಸಿ ಅನ್ನುವುದು ನನ್ನ ಅಭಿಪ್ರಾಯ.

ಕೂರಿಸುವ ಕೆಲಸ

ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಬೇಡಿ. ಸಾಮಾನ್ಯ ಸೆಟ್ ಒಂದರ ಒಟ್ಟು ಎಳೆತ 70 ಕಿಲೋ ಆಸುಪಾಸು ಇರುತ್ತದೆ. ಅದನ್ನೆಲ್ಲ ಒಮ್ಮೆಲೇ ತೆಗೆದರೆ ನೆಕ್, ಅಂದರೆ ಗಿಟಾರ್‌ನ ಕತ್ತು, ಹಿಂದಕ್ಕೆ ಬಾಗುತ್ತದೆ. ಒಂದು ತಂತಿ ತೆಗೆದು ಒಂದು ಹಾಕಿದರೆ ಆ ಗೊಂದಲವಿಲ್ಲ.

ತಂತಿ ತೂರಿಸಿದ ಮೇಲೆ ಒಂದು ಕೈಯಲ್ಲಿ ಅದನ್ನು ನಟ್ ಕಡೆಗೆ ಬಿಗಿಯಾಗಿ ಎಳೆಯಿರಿ. ಇನ್ನೊಂದು ಕೈಯ ಬೆರಳಲ್ಲಿ ಗುಂಡನ್ನು ಮುಟ್ಟಿ ನೋಡಿ. ಅದು ಅಲುಗಬಾರದು, ಓರೆಯಾಗಿರಬಾರದು. ತಗಡಿಗೆ ಪೂರ್ತಿ ಒರಗಿರಬೇಕು. ನನ್ನ ಇ ತಂತಿಯ ಗುಂಡು ಓರೆಯಾಗಿ ಸಿಕ್ಕಿಕೊಂಡಿತ್ತು ಅಂದೆನಲ್ಲ, ನುಡಿಸುತ್ತಾ ನುಡಿಸುತ್ತಾ ಅದು ಟಕ್ ಅಂತ ತಿರುಗಿ ನೇರವಾಗುತ್ತಿತ್ತು, ಶ್ರುತಿ ಒಮ್ಮೆಲೇ ಇಳಿಯುತ್ತಿತ್ತು. ಮತ್ತೆ ತಿರುವಿ ಬಿಗಿ ಮಾಡಿದರೆ ಇನ್ನಷ್ಟು ಜಾರುತ್ತಿತ್ತು. ಪೂರ್ತಿ ಸಡಿಲಿಸಿ, ಗುಂಡನ್ನು ಒಂದು ಸಲ ಹಿಂದಕ್ಕೆ ತಳ್ಳಿ, ನೇರ ಎಳೆದು ಕೂರಿಸಿದ ಮೇಲೆಯೇ ಅದು ನಿಂತದ್ದು.

ಈ ಹಂತದಲ್ಲೇ ದಾರ ಎಲ್ಲಿ ಮುಗಿಯುತ್ತದೆ ಅಂತ ನೋಡಿ. ಇ ತಂತಿಯ ಸ್ಯಾಡಲ್ ಸಾಮಾನ್ಯವಾಗಿ ಉಳಿದವಕ್ಕಿಂತ ಹಿಂದೆ, ಗುಂಡಿಗೆ ಹತ್ತಿರ ಇರುತ್ತದೆ. ಆದ್ದರಿಂದ ದಾರ ಹತ್ತುವುದೂ ಅಲ್ಲೇ. ಎರಡು ಮೂರು ಮಿಲಿಮೀಟರ್ ಮಾತ್ರ ಹತ್ತಿದ್ದರೆ ಉಪಾಯವಿದೆ. ತಂತಿ ತೂರುವಷ್ಟು ತೂತಿರುವ, ಆದರೆ ಗುಂಡು ದಾಟದ ಹಿತ್ತಾಳೆ ವಾಶರ್ ಒಂದೆರಡನ್ನು ಗುಂಡು ಮತ್ತು ತಗಡಿನ ನಡುವೆ ಇಡಿ. ಗುಂಡು ಅಷ್ಟು ಹಿಂದೆ ಸರಿಯುತ್ತದೆ, ದಾರವೂ ಸರಿಯುತ್ತದೆ. ನೆನಪಿರಲಿ, ತಂತಿಯ ಇನ್ನೊಂದು ತುದಿಯ ದಾರವೂ ಅಷ್ಟೇ ನಟ್ ಕಡೆಗೆ ಬರುತ್ತದೆ. ಅಲ್ಲಿ ಜಾಗ ಇದೆಯೇ ನೋಡಿ. ಬ್ಲೇಡಿನಲ್ಲಿ ದಾರ ಕೆರೆಯುವವರೂ ಇದ್ದಾರೆ. ನನಗದು ಸರಿ ಕಾಣುವುದಿಲ್ಲ. ಕೆಳಗೆ ತಿರುಚಿದ ದಪ್ಪ ಭಾಗ ಇದ್ದರೆ ಸಮಸ್ಯೆ ಹಾಗೇ ಉಳಿಯುತ್ತದೆ, ಪಟ್ಟಿಗೆ ಗೀರು ಬೀಳುವ ಅಪಾಯ ಬೇರೆ. ದಾರ ಸೆಂಟಿಮೀಟರ್‌ಗಟ್ಟಲೆ ಮುಂದೆ ಬಂದಿದ್ದರೆ ಆ ಸೆಟ್ ನಿಮ್ಮ ಬ್ರಿಡ್ಜ್‌ಗೆ ಹೊಂದುವುದಿಲ್ಲ, ಬೇರೆ ಉದ್ದದ್ದು ತರಬೇಕು.

ಬಿರಡೆ ಕಡೆ ಒಂದೇ ಮಾತು: ಕತ್ತರಿಸುವ ಮೊದಲು ಮಡಚಿ. ಕಂಬದಿಂದ ಆಚೆಗೆ ಸುಮಾರು 10 ಸೆಂಟಿಮೀಟರ್ ಬಿಟ್ಟು, ಇಕ್ಕಳದಲ್ಲಿ ನೇರ ಮೂಲೆಯಾಗಿ ಮಡಚಿ, ಮಡಿಕೆಯ ಆಚೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಸುತ್ತು ಒಳತಂತಿಯ ಮೇಲೆ ಸಡಿಲವಾಗಬಹುದು. ತುದಿಯನ್ನು ಕಂಬದ ನಡುವಿನ ತೂತಿಗೆ ಇಳಿಸಿ, ಎರಡು ಮೂರು ಸುತ್ತು ಕೆಳಮುಖವಾಗಿ ಬರಲಿ. ಸುತ್ತುವಾಗ ತಂತಿ ತಿರುಚಿಕೊಳ್ಳದಂತೆ ನೋಡಿಕೊಳ್ಳಿ.

ಶ್ರುತಿಗೆ ತಂದ ಮೇಲೆ ಬ್ರಿಡ್ಜ್‌ಗೆ ವಾಪಸ್ ಬನ್ನಿ. ಬಿರುಸಾದ ತಂತಿ ಸ್ಯಾಡಲ್ ದಾಟಿದ ಕೂಡಲೇ ನೇರವಾಗುವುದಿಲ್ಲ, ಸಣ್ಣ ಕಮಾನಿನ ಹಾಗೆ ಎದ್ದು ನಿಂತಿರುತ್ತದೆ. ಪಕ್ಕದಿಂದ ಕಣ್ಣು ಹತ್ತಿರ ತಂದರೆ ಕಾಣುತ್ತದೆ. ಸ್ಯಾಡಲ್‌ನ ಮುಂದೆ, ಒಂದು ಬೆರಳಗಲದ ಒಳಗೆ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಬೆರಳೇ ಸಾಕು, ಸ್ಕ್ರೂಡ್ರೈವರ್ ತರಬೇಡಿ. ಕಮಾನು ಇಳಿದು ತಂತಿ ಸ್ಯಾಡಲ್‌ನ ಅಂಚಿನಿಂದಲೇ ನೇರವಾಗಿ ಹೊರಟರೆ ಆಯಿತು. ಶ್ರುತಿ ತುಸು ಇಳಿಯುತ್ತದೆ, ಮತ್ತೆ ಏರಿಸಿ.

ಇದಾದ ಮೇಲೆಯೇ ಇಂಟೋನೇಶನ್, ಅಂದರೆ ಒತ್ತಿದ ಸ್ವರವೂ ಶ್ರುತಿಗೆ ಕೂಡುವಂತೆ ಸ್ಯಾಡಲ್ ಸರಿಸುವುದು. 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬೆರಳು ಬರೀ ತಾಗಿಸಿ ಮೀಟಿದ ಸ್ವರ) ಮತ್ತು ಅಲ್ಲೇ ಒತ್ತಿ ನುಡಿಸಿದ ಸ್ವರ ಒಂದೇ ಇರಬೇಕು. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಸರಿಸುವ ಮೊದಲು ತಂತಿ ಸ್ವಲ್ಪ ಸಡಿಲಿಸಿ. ಇಲ್ಲದಿದ್ದರೆ ಸ್ಯಾಡಲ್‌ನ ಅಂಚು ಪಟ್ಟಿಯನ್ನು ಕೆರೆಯುತ್ತದೆ. ಹಿಂದಕ್ಕೆ ಸರಿಸಿದಾಗಲೆಲ್ಲ ದಾರವನ್ನು ಇನ್ನೊಮ್ಮೆ ನೋಡಿ, ಅದು ಮತ್ತೆ ಹತ್ತಿರಬಹುದು!

ಇಷ್ಟೆಲ್ಲ ತಾಳ್ಮೆ ಏಕೆ ಅಂದರೆ, ಫ್ಲಾಟ್‌ವೌಂಡ್ ತಿಂಗಳಿಗೊಮ್ಮೆ ಬದಲಿಸುವ ತಂತಿ ಅಲ್ಲ. ಅಮೆರಿಕದ ಧ್ವನಿಮುದ್ರಣ ಸಂಸ್ಥೆ ಮೋಟೌನ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್‌ನಲ್ಲಿ ದಪ್ಪ ಫ್ಲಾಟ್‌ವೌಂಡ್ ಹಾಕಿಕೊಂಡು, ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ ಅಂತ ಪ್ರಸಿದ್ಧಿ. ನಾವೂ ಹಾಕಿದರೆ ವರ್ಷಗಟ್ಟಲೆ ಬಿಡುತ್ತೇವೆ, ಅಲ್ವಾ? ಓರೆಯಾಗಿ ಕೂತ ಗುಂಡೂ ಅಷ್ಟೇ ವರ್ಷ ಹಾಗೇ ಇರುತ್ತದೆ.

ಮರುದಿನ ಮತ್ತೆ ಒಂದು ಸಲ ಶ್ರುತಿ ನೋಡಿ. ಹೊಸ ಸೆಟ್‌ನ ಎಳೆತ ಹಳೆಯದಕ್ಕಿಂತ ಜಾಸ್ತಿ ಇದ್ದರೆ ನೆಕ್ ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ, ತಂತಿ ಎತ್ತರ ಅನ್ನಿಸುತ್ತದೆ. ಆಗ ನೆಕ್ ಒಳಗಿನ ಸರಳು, ಅಂದರೆ ಟ್ರಸ್ ರಾಡ್, ಕಾಲು ಸುತ್ತಿಗಿಂತ ಹೆಚ್ಚು ತಿರುವದೆ ಸರಿಮಾಡಿ, ಶ್ರುತಿಗೆ ತಂದು, 12ನೇ ಫ್ರೆಟ್ ಇನ್ನೊಮ್ಮೆ ಪರೀಕ್ಷಿಸಿ. ಆ ಹೊತ್ತಿಗೆ ಟಾರ್ಚ್ ಕೈಯಲ್ಲೇ ಇರಲಿ, ನಾಲ್ಕೂ ಗುಂಡುಗಳ ಮೇಲೆ ಒಂದು ಸಲ ಹಾಯಿಸಿ.