ಲಯದ ದೇವರ ಬುಡದಲ್ಲಿ ಎಂಟು ದ್ರವ್ಯಗಳ ಅಂಟು

ಉಡುಪಿಯ ರಥಬೀದಿಗೆ ಬಂದವರು ಮೊದಲು ಚಂದ್ರಮೌಳೀಶ್ವರನಿಗೆ, ಆಮೇಲೆ ಅನಂತೇಶ್ವರನಿಗೆ ಕೈಮುಗಿದು ಕೃಷ್ಣಮಠಕ್ಕೆ ಹೋಗುವುದು ವಾಡಿಕೆ. ಊರಿನ ಹೆಸರೇ ಆ ಮೊದಲ ದೇವರಿಗೆ ಅಂಟಿಕೊಂಡಿದೆ. ‘ಉಡು’ ಎಂದರೆ ನಕ್ಷತ್ರ, ‘ಉಡುಪ’ ಎಂದರೆ ಚಂದ್ರ. ದಕ್ಷನ ಶಾಪದಿಂದ ಸವೆಯುತ್ತಿದ್ದ ಚಂದ್ರ ಇಲ್ಲಿ ತಪಸ್ಸು ಮಾಡಿದ, ಶಿವ ಅವನನ್ನು ಮುಡಿಗೇರಿಸಿಕೊಂಡ ಎನ್ನುತ್ತದೆ ಸ್ಥಳಪುರಾಣ. ಆದರೆ ಶಾಪ ಪೂರ್ತಿ ಅಳಿಯಲಿಲ್ಲ. ಚಂದ್ರ ಇಂದಿಗೂ ಒಂದು ಪಕ್ಷ ಕರಗುತ್ತಾನೆ, ಇನ್ನೊಂದು ಪಕ್ಷ ತುಂಬುತ್ತಾನೆ. ಶಿವನ ತಲೆಯ ಮೇಲಿರುವುದು ಹುಣ್ಣಿಮೆಯ ಚಂದ್ರನಲ್ಲ, ಬರಿಯ ಎಳೆಚಂದ್ರ.

ಸೃಷ್ಟಿ ಬ್ರಹ್ಮನಿಗೆ, ಸ್ಥಿತಿ ವಿಷ್ಣುವಿಗೆ, ಲಯ ಶಿವನಿಗೆ ಎಂಬ ಹಂಚಿಕೆ ನೆಲೆಗೊಂಡಿದ್ದು ಪುರಾಣಗಳಲ್ಲಿ. ನಮ್ಮ ದೇವಸ್ಥಾನಗಳಲ್ಲಿ ಅಭಿಷೇಕಕ್ಕೆ ಹೇಳುವ ರುದ್ರಪ್ರಶ್ನ ಅದಕ್ಕಿಂತ ಬಹಳ ಹಳೆಯದು. ಕೃಷ್ಣಯಜುರ್ವೇದದ ಈ 11 ಅನುವಾಕಗಳು, ಅಂದರೆ ಮಂತ್ರಭಾಗಗಳು, ಶುರುವಾಗುವುದೇ ರುದ್ರನ ಕೋಪಕ್ಕೆ, ಬಾಣಕ್ಕೆ, ಬಿಲ್ಲಿಗೆ ನಮಸ್ಕಾರ ಹೇಳಿ. ಹೆದೆ ಇಳಿಸು ಎಂದು ಬೇಡುವ ಆ ಮೊದಲ ಅನುವಾಕವೇ ಅವನನ್ನು ದೇವಲೋಕದ ಮೊದಲ ವೈದ್ಯ, ‘ಭಿಷಕ್’ ಎಂದೂ ಕರೆಯುತ್ತದೆ. ‘ನಮಃ ಶಿವಾಯ’ ಬರುವುದು ಎಂಟನೆಯ ಅನುವಾಕದಲ್ಲಿ. ಕೊಲ್ಲುವ ಕೈ, ಗುಣಪಡಿಸುವ ಕೈ ಎರಡೂ ಒಬ್ಬನದೇ ಎಂಬ ತಿಳಿವಳಿಕೆ ಅಷ್ಟು ಹಿಂದಿನದು.

ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ಮೂರ್ತಿಯಿದೆ: ಮೂರು ಮುಖ, ಆರು ಕೈ. ಅದರ ಶಾಸನ ಆ ಜಾಗವನ್ನು ವಿಹಾರ, ಅಂದರೆ ಬೌದ್ಧರ ಮಠಕ್ಕೆ ಬಳಸುವ ಹೆಸರಿನಿಂದ, ಕರೆಯುತ್ತದೆ. ಇಂದು ಗರ್ಭಗುಡಿಯಲ್ಲಿರುವುದು ಮಂಜುನಾಥನ ಲಿಂಗ. ಕಾಲ ಬದಲಾದರೂ ಹಳೆಯ ಮೂರ್ತಿ ಅದೇ ದೇವಸ್ಥಾನದಲ್ಲಿ ಉಳಿದುಕೊಂಡಿದೆ.

ಸವೆದು ಮತ್ತೆ ತುಂಬುವ ಈ ಕಥೆ ಲಿಂಗದ ಬುಡದಲ್ಲೂ ಇದೆ. ಕಡೆದು ಮಾಡಿದ ಶಾಸ್ತ್ರೋಕ್ತ ಲಿಂಗಕ್ಕೆ ಮೂರು ಭಾಗ. ಬುಡ ಚೌಕ, ಅದು ಬ್ರಹ್ಮಭಾಗ. ನಡು ಎಂಟು ಮೂಲೆ, ವಿಷ್ಣುಭಾಗ. ಇವೆರಡೂ ಪೀಠದೊಳಗೆ ಮರೆಯಾಗಿರುತ್ತವೆ. ಕಾಣುವುದು ದುಂಡನೆಯ ರುದ್ರಭಾಗ ಮಾತ್ರ. ಪೀಠಕ್ಕೂ ಲಿಂಗಕ್ಕೂ ನಡುವಿನ ಸಂದನ್ನು ಮುಚ್ಚುವುದು ಅಷ್ಟಬಂಧ, ಎಂಟು ದ್ರವ್ಯಗಳ ಅಂಟು. ದಿನವೂ ಹಾಲು, ಸೀಯಾಳ, ತುಪ್ಪ, ನೀರು ಬೀಳುವ ಜಾಗವಾದ್ದರಿಂದ ಅದು ಸವೆಯಲೇಬೇಕು. ಒಮ್ಮೆ ಬಿರುಕು ಬಿಟ್ಟರೆ ಅಭಿಷೇಕದ ನೀರು ಕೆಳಗಿಳಿದು ಬಿಂಬ ಸಡಿಲವಾಗುತ್ತದೆ. ಕರಾವಳಿಯಲ್ಲಿ 12 ವರ್ಷಕ್ಕೊಮ್ಮೆ ಅಷ್ಟಬಂಧ ಬ್ರಹ್ಮಕಲಶ, ಅಂದರೆ ಹೊಸ ಅಂಟು ತುಂಬಿ ಕಲಶಗಳ ಅಭಿಷೇಕ, ಮಾಡಬೇಕೆನ್ನುವುದು ಇದಕ್ಕೇ.

ದ್ರವ್ಯಗಳ ಪಟ್ಟಿ ಪದ್ಧತಿಯಿಂದ ಪದ್ಧತಿಗೆ ಬೇರೆ. ಕೇರಳದ ತಂತ್ರಪದ್ಧತಿಯಲ್ಲಿ ಶಂಖದ ಪುಡಿ, ಅಳಲೆಕಾಯಿ, ನೆಲ್ಲಿಕಾಯಿ, ಅರಗು, ರಾಳ, ಹೊಳೆಮರಳು, ಸಣ್ಣ ಬೆಣಚುಕಲ್ಲು, ಹತ್ತಿ. ಇವನ್ನು ಪುಡಿಮಾಡಿ, ಎಳ್ಳೆಣ್ಣೆ ಸೇರಿಸಿ, 41 ದಿನ ಜಜ್ಜಿ ಹದಮಾಡುವುದು ಸಂಪ್ರದಾಯ. ಅರಗು, ರಾಳ ಹಿಡಿದಿಡುತ್ತವೆ. ಮರಳು, ಕಲ್ಲು ಗಡಸುತನ ಕೊಡುತ್ತವೆ. ಹತ್ತಿಯ ಎಳೆ ಸೀಳದಂತೆ ತಡೆಯುತ್ತದೆ. ಜಜ್ಜುವುದು ಅರೆಬರೆಯಾದರೆ ಮರಳು ಒಂದೆಡೆ, ಅಂಟು ಒಂದೆಡೆ ನಿಂತು ಬೇಗ ಬಿರಿಯುತ್ತದೆ. ಎಣ್ಣೆ ಹೆಚ್ಚಿದರೆ ಗಟ್ಟಿಯಾಗುವುದೇ ಇಲ್ಲ. ಪೀಠದಲ್ಲಿ ಪಸೆಯಿದ್ದರೆ ಕಲ್ಲಿಗೆ ಹಿಡಿಯದು. ನಮ್ಮಲ್ಲಿ ಬ್ರಹ್ಮಕಲಶಗಳೆಲ್ಲ ಬಹುಮಟ್ಟಿಗೆ ಮಳೆ ಇಲ್ಲದ ತಿಂಗಳುಗಳಲ್ಲಿ ಬೀಳುವುದು ಈ ದೃಷ್ಟಿಯಿಂದಲೂ ಒಳ್ಳೆಯದೇ.

ಹಳೆಯ ಅಷ್ಟಬಂಧವನ್ನು ಕೆತ್ತಿ ತೆಗೆಯುವ ಮುನ್ನ ಅನುಜ್ಞಾ ಕಲಶ, ಅಂದರೆ ದೇವರಲ್ಲಿ ಅಪ್ಪಣೆ ಕೇಳುವುದು. ಬಳಿಕ ತಂತ್ರಿಗಳು ಬಿಂಬದ ಸಾನ್ನಿಧ್ಯವನ್ನು ಸಂಕೋಚಗೊಳಿಸಿ ಕಲಶಕ್ಕೆ ತರುತ್ತಾರೆ. ಕೆಲಸ ದೀರ್ಘವಾದರೆ ಬಾಲಾಲಯದಲ್ಲಿ, ಅಂದರೆ ತಾತ್ಕಾಲಿಕ ಗುಡಿಯಲ್ಲಿ, ಪೂಜೆ ನಡೆಯುತ್ತದೆ. ಇಡೀ ವಿಧಿಯಲ್ಲಿ ಶಿವತತ್ತ್ವ ಅತ್ಯಂತ ಸ್ಪಷ್ಟವಾಗಿ ಕಾಣುವ ಗಳಿಗೆ ಇದೇ: ಉಳಿ ತಾಗುವುದು ಬರಿಯ ಕಲ್ಲಿಗೆ, ದೇವರು ಆಗಲೇ ನೀರಿನಲ್ಲಿದ್ದಾನೆ. ಹೊಸ ಅಷ್ಟಬಂಧ ತುಂಬಿದ ಮೇಲೆ ಬ್ರಹ್ಮಕಲಶಾಭಿಷೇಕ, ದೊಡ್ಡದಾಗಿ ಮಾಡಿದರೆ 1,008 ಕಲಶ. ಅಲ್ಲಿಂದ 48ನೇ ದಿನ ದೃಢಕಲಶ, ಪ್ರತಿಷ್ಠೆ ದೃಢವಾಗಲೆಂದು ಮಾಡುವ ಅಭಿಷೇಕ.